‘ಪ್ರಾರ್ಥನೆ ಮಾಡ್ತಾ ಇದ್ದೇನೆ’ ಎಂದು ನಾಲ್ಕು ತಿಂಗಳು ತಳ್ಳಿದ ಮೇಲೆ

ಅಪ್ಪನಿಗೆ ಆಪರೇಷನ್ ಆಗಿ ಮನೆಗೆ ಕರೆತಂದ ವಾರ ಅದು. ಖರ್ಚಿನ ಲೆಕ್ಕ ಬರೆದಿಟ್ಟಿದ್ದವನು ಅಣ್ಣ. ಚಿಕ್ಕಪ್ಪ, ಅತ್ತೆ, ಅವರ ಮಕ್ಕಳೆಲ್ಲ ಕೂತಿದ್ದಾಗ ನಾನು ಆ ಪುಸ್ತಕ ತಿರುವಿಹಾಕಿ, ‘ಇದರಲ್ಲಿ ಎಷ್ಟು ನಿನ್ನ ಜೇಬಿಗೆ ಹೋಯಿತು?’ ಎಂದುಬಿಟ್ಟೆ. ಅಣ್ಣ ಒಂದು ಮಾತೂ ಆಡಲಿಲ್ಲ. ಪುಸ್ತಕ ಮುಚ್ಚಿ, ಅದರ ಮೇಲೆ ಪೆನ್ನಿಟ್ಟು, ಎದ್ದು ಹೋದ. ಆ ರಾತ್ರಿ ಬಿಲ್ಲುಗಳನ್ನು ಒಂದೊಂದಾಗಿ ತಾಳೆ ನೋಡಿದೆ. ಲೆಕ್ಕ ಸರಿಯಾಗಿಯೇ ಇತ್ತು. ನನಗಿಂತ ಅವನ ಕೈಯಿಂದಲೇ ಹೆಚ್ಚು ಹೋಗಿತ್ತು.

ಏನು ಮಾಡಬೇಕು ಎಂಬುದರಲ್ಲಿ ನನಗೆ ಒಂದಿಷ್ಟೂ ಗೊಂದಲ ಇರಲಿಲ್ಲ. ಬೈಬಲಿನ ಮತ್ತಾಯ 5:23-24 ಚಿಕ್ಕಂದಿನಿಂದ ಬಾಯಿಪಾಠ. ಕಾಣಿಕೆ ತಂದಾಗ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನೋ ಇದೆ ಎಂದು ನೆನಪಾದರೆ, ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಹೋಗು, ಮೊದಲು ಅವನೊಂದಿಗೆ ಒಂದಾಗು, ಆಮೇಲೆ ಬಾ. ಇದಕ್ಕೆ ವ್ಯಾಖ್ಯಾನ ಬೇಕಿಲ್ಲ. ಆದರೂ ನಾನು ಹೋಗಲಿಲ್ಲ. ದಿನಾ ಬೆಳಿಗ್ಗೆ ಮೊಣಕಾಲೂರಿ ‘ಕರ್ತನೇ, ತಕ್ಕ ಸಮಯ ತೋರಿಸು’ ಎಂದು ಕೇಳಿಕೊಳ್ಳುತ್ತಿದ್ದೆ. ಹೆಂಡತಿ ಕೇಳಿದಾಗಲೆಲ್ಲ ‘ಪ್ರಾರ್ಥನೆ ಮಾಡ್ತಾ ಇದ್ದೇನೆ’ ಅನ್ನುತ್ತಿದ್ದೆ. ಹೀಗೆ ನಾಲ್ಕು ತಿಂಗಳು ಕಳೆದವು. ಅಷ್ಟರಲ್ಲಿ ನಾಲ್ಕು ಸಲ ಕರ್ತನ ಭೋಜನದಲ್ಲೂ, ಎಂದರೆ ಸಭೆಯ ರೊಟ್ಟಿ-ದ್ರಾಕ್ಷಾರಸದ ಸಂಸ್ಕಾರದಲ್ಲೂ, ಪಾಲು ತೆಗೆದುಕೊಂಡೆ.

ಅಪೊಸ್ತಲರ ಕೃತ್ಯಗಳು 24ರಲ್ಲಿ ಬರುವ ರೋಮನ್ ಅಧಿಪತಿ ಫೇಲಿಕ್ಸನನ್ನು ನಾನು ಯಾವಾಗಲೂ ಪರಕೀಯನೆಂದೇ ಓದಿದ್ದೆ. ಅವನ ಸೆರೆಯಲ್ಲಿದ್ದ ಅಪೊಸ್ತಲ ಪೌಲ ನೀತಿ, ಸಂಯಮ, ಬರಲಿರುವ ನ್ಯಾಯತೀರ್ಪು ಇವುಗಳ ಬಗ್ಗೆ ಮಾತಾಡಿದಾಗ ಅವನಿಗೆ ಭಯವಾಯಿತು. ಈಗ ಹೋಗು, ಸಮಯ ಸಿಕ್ಕಾಗ ಕರೆಸುತ್ತೇನೆ ಅಂದ. ನನ್ನ ಕಣ್ಣು ತಪ್ಪಿಸಿಕೊಂಡಿದ್ದ ಸಂಗತಿ ಅದರ ಮುಂದಿನದು. ಅವನು ಪೌಲನನ್ನು ಮತ್ತೆ ಮತ್ತೆ ಕರೆಸಿದ, ಮಾತಾಡಿದ. ಲಂಚದ ಆಸೆಯೂ ಇತ್ತು ನಿಜ, ಆದರೂ ಕರೆಸಿ ಕೇಳಿದ. ಹೀಗೆ ಎರಡು ವರ್ಷ ಕಳೆದರೂ ಪೌಲ ಸೆರೆಯಲ್ಲೇ ಇದ್ದ, ಫೇಲಿಕ್ಸನ ಮನಸ್ಸು ಇದ್ದಲ್ಲೇ ಇತ್ತು. ವಾಕ್ಯ ಕೇಳುತ್ತಲೇ ಇರುವುದು ವಿಧೇಯತೆಯನ್ನು ಮುಂದೂಡುವ ಸುಲಭದ ದಾರಿಯೂ ಆಗಬಲ್ಲದು. ನನ್ನ ಪ್ರಾರ್ಥನೆ ಅಂಥ ದಾರಿಯಾಗಿತ್ತು. ದೇವರು ಆಗಲೇ ಉತ್ತರ ಕೊಟ್ಟಿರುವ ವಿಷಯಕ್ಕೆ ಮತ್ತೆ ಉತ್ತರ ಕೇಳುತ್ತಿದ್ದೆ.

ಕೊನೆಗೊಂದು ಸಂಜೆ ಅಣ್ಣನಿಗೆ ಫೋನ್ ಮಾಡಿದೆ. ‘ಅಣ್ಣ, ಅವತ್ತು ನಾನು ಹಾಗೆ ಅನ್ನಬಾರದಿತ್ತು. ಆದರೆ ನೀನೂ ಲೆಕ್ಕ ಮೊದಲೇ ತೋರಿಸಿದ್ದರೆ...’ ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ‘ಆಯ್ತು ಬಿಡು’ ಎಂದು ಫೋನ್ ಇಟ್ಟ. ನಾನು ಹೆಂಡತಿಗೆ ಹೇಳಿದೆ: ‘ಮುಗೀತು, ಕ್ಷಮೆ ಕೇಳಿದೆ.’

ಮುಗಿದಿರಲಿಲ್ಲ. ಅದೇ ವಾರ ನನ್ನ ದಿನದ ಓದು 1 ಸಮುವೇಲ 15ಕ್ಕೆ ಬಂತು. ಅಮಾಲೇಕ್ಯರನ್ನೂ ಅವರ ಕುರಿದನಗಳನ್ನೂ ಪೂರ್ತಿ ನಾಶಮಾಡು ಎಂಬುದು ಅರಸ ಸೌಲನಿಗೆ ದೇವರ ಅಪ್ಪಣೆ. ಯುದ್ಧದಿಂದ ಹಿಂದಿರುಗಿದ ಸೌಲ, ತನ್ನನ್ನು ಕಾಣಲು ಬಂದ ಪ್ರವಾದಿ ಸಮುವೇಲನಿಗೆ, ಯೆಹೋವನ ಅಪ್ಪಣೆ ನೆರವೇರಿಸಿದ್ದೇನೆ ಎನ್ನುತ್ತಾನೆ. ಹಾಗಾದರೆ ನನ್ನ ಕಿವಿಗೆ ಬೀಳುವ ಈ ಕುರಿಗಳ ಕೂಗೇನು ಎಂದು ಸಮುವೇಲ ಕೇಳುತ್ತಾನೆ. ಸೌಲ ಸುಳ್ಳು ಹೇಳಬೇಕೆಂದು ಹೇಳಿದಂತೆ ಕಾಣುವುದಿಲ್ಲ. ಬಹುಪಾಲು ಮಾಡಿದ್ದ, ಒಳ್ಳೆಯ ಕುರಿದನಗಳನ್ನೂ ರಾಜ ಅಗಾಗನನ್ನೂ ಉಳಿಸಿಕೊಂಡಿದ್ದ, ಅದಕ್ಕೆ ಯಜ್ಞದ ನೆಪವೂ ಸಿದ್ಧವಿತ್ತು. ಓದುತ್ತ ಓದುತ್ತ ನನ್ನ ಕೈ ನಿಂತಿತು. ಫೋನಿನಲ್ಲಿ ನಾನಾಡಿದ ‘ಆದರೆ’ ನನ್ನ ಕುರಿಗಳ ಕೂಗು. ಅಣ್ಣನಿಗೆ ಅದು ಚೆನ್ನಾಗಿ ಕೇಳಿಸಿತ್ತು.

ಆ ಅಧ್ಯಾಯವನ್ನು ಮೂಲ ಭಾಷೆ ಬಲ್ಲ ಸಭಾಪಾಲಕರೊಬ್ಬರ ಜೊತೆ ಕೂತು ಓದಿದೆ. ಹೀಬ್ರೂವಿನ ‘ಶಮಾ’ ಎಂಬ ಕ್ರಿಯಾಪದಕ್ಕೆ ಕಿವಿಯಿಂದ ಕೇಳುವುದು, ಹೇಳಿದಂತೆ ನಡೆಯುವುದು ಎರಡೂ ಅರ್ಥ ಇದೆಯಂತೆ. ಸಮುವೇಲ ಕುರಿದನಗಳ ಕೂಗು ‘ಕೇಳಿಸುತ್ತಿದೆ’ ಅನ್ನುವಾಗಲೂ, ಯಜ್ಞಕ್ಕಿಂತ ‘ಮಾತು ಕೇಳುವುದು’ ಉತ್ತಮ ಅನ್ನುವಾಗಲೂ ಅದೇ ಪದ. ನಮ್ಮ ಕನ್ನಡಕ್ಕೂ ಇದು ಸಹಜ. ‘ಮಗ ಹೇಳಿದ ಮಾತು ಕೇಳಲ್ಲ’ ಎಂದು ತಾಯಿ ಹೇಳಿದರೆ ಅವನಿಗೆ ಕಿವುಡು ಎಂದು ಯಾರೂ ಅರ್ಥ ಮಾಡುವುದಿಲ್ಲ. ನಾಲ್ಕು ತಿಂಗಳು ಪ್ರತಿದಿನ ವಾಕ್ಯ ಓದಿದ ನಾನು ಈ ಅರ್ಥದಲ್ಲಿ ಒಂದು ದಿನವೂ ಕೇಳಿರಲಿಲ್ಲ.

ಮಾರನೆಯ ದಿನವೇ ಬಸ್ಸಿಗೆ ಟಿಕೆಟ್ ತೆಗೆದೆ. ಇದನ್ನು ಕಲಿತದ್ದು ಅಬ್ರಹಾಮನಿಂದ. ಆದಿಕಾಂಡ 22ರಲ್ಲಿ ಅವನಿಗೆ ಬಂದ ಅಪ್ಪಣೆ, ಮಗ ಇಸಾಕನನ್ನೇ ಬಲಿ ಕೊಡು ಎಂಬುದು, ಎಷ್ಟು ಭಾರವಾದದ್ದೆಂದು ಎಲ್ಲರಿಗೂ ಗೊತ್ತು. ಮೂರನೆಯ ವಚನದಲ್ಲಿ ಅವನ ಅಳು, ಹೊಯ್ದಾಟ ಯಾವುದೂ ಇಲ್ಲ. ಹೊತ್ತಾರೆ ಎದ್ದ, ಕತ್ತೆಗೆ ತಡಿ ಹಾಕಿದ, ಕಟ್ಟಿಗೆ ಒಡೆದ, ಹೊರಟ. ಆ ಸ್ಥಳ ಕಣ್ಣಿಗೆ ಬಿದ್ದದ್ದು ಮೂರನೆಯ ದಿನ. ತನ್ನ ಕೈಯಿಂದಲೇ ಮಗನ ದಹನಬಲಿಗೆಂದು ಕಟ್ಟಿಗೆ ಒಡೆಯುವಾಗ ಆ ತಂದೆಯ ಎದೆ ಏನಾಗಿತ್ತೋ, ನನಗೆ ಊಹಿಸಲಾಗುವುದಿಲ್ಲ. ಆದರೆ ಭಾವನೆ ಶಾಂತವಾಗುವವರೆಗೆ ಅವನು ಕಾಯಲಿಲ್ಲ. ನಾನು ಕಾಯುತ್ತಿದ್ದುದು ಅದಕ್ಕೇ. ಮನಸ್ಸು ಹಗುರಾಗಲಿ, ಆಮೇಲೆ ಹೋಗೋಣ ಎಂದು. ಅಂದಿನಿಂದ ನನ್ನ ಪದ್ಧತಿ ಇಷ್ಟೇ: ವಾಕ್ಯ ಒಂದು ಕೆಲಸ ಹೇಳಿತೆಂದರೆ, ಪೂರ್ತಿ ಮಾಡಲಾಗದಿದ್ದರೂ ಅದರ ‘ಕಟ್ಟಿಗೆ’ ಅದೇ ದಿನ ಒಡೆಯುತ್ತೇನೆ. ಕೈಯಿಂದ ಮಾಡುವ, ಮಾಡಿದರೆ ಹಿಂದೆಗೆಯಲು ಕಷ್ಟವಾಗುವ ಒಂದು ಸಣ್ಣ ಕೆಲಸ. ಒಂದು ನೋಟ್‌ಬುಕ್ ಇದೆ. ಎಡಕ್ಕೆ ಕೇಳಿದ ತಾರೀಕು, ಬಲಕ್ಕೆ ಮಾಡಿದ ತಾರೀಕು. ಅಣ್ಣನ ವಿಷಯದಲ್ಲಿ ಎರಡರ ನಡುವೆ 4 ತಿಂಗಳು 11 ದಿನ.

ಅಣ್ಣನ ಮನೆಯ ಬಾಗಿಲು ತೆರೆದವರು ಅತ್ತಿಗೆ. ಅವರು ಒಳಗೆ ಕರೆದರು, ನಗಲಿಲ್ಲ. ಅಣ್ಣನ ಎದುರು ಕೂತು ಹೇಳಿದೆ: ‘ಅಣ್ಣ, ನಾನು ನಿನ್ನ ಮೇಲೆ ಸುಳ್ಳು ಹೊರಿಸಿದೆ. ಎಲ್ಲರ ಮುಂದೆ ಹೊರಿಸಿದೆ. ನನ್ನನ್ನು ಕ್ಷಮಿಸು.’ ಅಲ್ಲಿಗೆ ನಿಲ್ಲಿಸಲು ತುಂಬ ಪ್ರಯಾಸಪಟ್ಟೆ. ನಾಲಗೆಯ ತುದಿಗೆ ಮತ್ತೊಂದು ‘ಆದರೆ’ ಬಂದು ನಿಂತಿತ್ತು. ಅವನು ಕೇಳಿದ್ದು ಒಂದೇ: ‘ಚಿಕ್ಕಪ್ಪನಿಗೆ ಹೇಳಿದ್ದೀಯಾ?’ ಹೇಳಿರಲಿಲ್ಲ. ಎಲ್ಲರೆದುರು ಆಡಿದ ಮಾತನ್ನು ಕೋಣೆಯೊಳಗೆ ಹಿಂತೆಗೆದುಕೊಂಡರೆ ಅದೂ ಅರ್ಧವೇ. ಸುಂಕ ವಸೂಲಿಗಾರ ಜಕ್ಕಾಯ ಯೇಸುವಿನ ಮುಂದೆ ಎದ್ದು ನಿಂತು, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದದ್ದು ಗುಟ್ಟಾಗಿ ಅಲ್ಲ. ಅಲ್ಲೇ ಕೂತು ಚಿಕ್ಕಪ್ಪನಿಗೂ ಅತ್ತೆಗೂ ಫೋನ್ ಮಾಡಿ, ಲೆಕ್ಕ ಸರಿಯಿತ್ತು, ತಪ್ಪು ನನ್ನದು ಎಂದೆ.

ಬೇಗ ಮಾಡುವುದೆಂದರೆ ದುಡುಕುವುದು ಎಂದು ತಿಳಿದು ಎಡವಿದ್ದೂ ಇದೆ, ಅದನ್ನೂ ಹೇಳಬೇಕು. ಇದಾದ ಉತ್ಸಾಹದಲ್ಲಿ, ಸಭೆಯ ಒಬ್ಬ ಯುವಕನನ್ನು ಗದರಿಸಬೇಕೆಂಬ ಪ್ರೇರಣೆ ನನಗಾಯಿತು. ಅದು ಪವಿತ್ರಾತ್ಮನಿಂದಲೇ ಎಂದು ಆ ಕ್ಷಣವೇ ನಂಬಿ, ಆರಾಧನೆ ಮುಗಿದ ಕೂಡಲೇ ಅವನನ್ನು ನಿಲ್ಲಿಸಿ ಮಾತಾಡಿದೆ. ನಾನು ಕೇಳಿದ್ದ ಸುದ್ದಿಯೇ ತಪ್ಪು. ಆ ಹುಡುಗ ಹಲವು ವಾರ ಸಭೆಗೆ ಬರಲಿಲ್ಲ. ಅರಣ್ಯಕಾಂಡ 14ರಲ್ಲಿ ಇಸ್ರಾಯೇಲ್ಯರೂ ಹೊತ್ತಾರೆ ಎದ್ದೇ, ದೇವರು ಮಾತು ಕೊಟ್ಟ ನಾಡಿಗೆಂದು ಬೆಟ್ಟ ಹತ್ತಲು ಹೊರಟರು. ದೇವರು ಹೋಗಿ ಎಂದಾಗ ಹೋಗಲಿಲ್ಲ, ಬೇಡ ಎಂದಮೇಲೆ ಹೋದರು. ಅವರ ನಾಯಕ ಮೋಶೆಯೂ ದೇವರ ಸನ್ನಿಧಿಯ ಗುರುತಾದ ಒಡಂಬಡಿಕೆಯ ಮಂಜೂಷವೂ ಪಾಳೆಯ ಬಿಟ್ಟು ಕದಲಲಿಲ್ಲ; ಅವರು ಹೊಡೆತ ತಿಂದು ಹಿಂದಿರುಗಿದರು. ಬೆಳಿಗ್ಗೆ ಬೇಗ ಏಳುವುದು ಅಬ್ರಹಾಮನಿಗೂ ಅವರಿಗೂ ಒಂದೇ. ವ್ಯತ್ಯಾಸ ಇದ್ದದ್ದು ಅಪ್ಪಣೆಯಲ್ಲಿ. ಹಾಗಾಗಿ ಈಗ ಬೇರ್ಪಡಿಸುತ್ತೇನೆ. ಕ್ಷಮಿಸು, ಸತ್ಯ ಹೇಳು, ಸಾಲ ತೀರಿಸು ಎಂದು ಬರೆದೇ ಇರುವ ಆಜ್ಞೆಗಳಿಗೆ ಕಾಯುವುದಿಲ್ಲ. ಒಳಗಿಂದ ಬಂದ ಪ್ರೇರಣೆಯಾದರೆ, ಅದರಲ್ಲೂ ಇನ್ನೊಬ್ಬರನ್ನು ನೋಯಿಸಬಲ್ಲದ್ದಾದರೆ, ವಾಕ್ಯದ ಮುಂದಿಟ್ಟು ನೋಡುತ್ತೇನೆ, ಸಭೆಯ ಹಿರಿಯರೊಬ್ಬರನ್ನು ಕೇಳುತ್ತೇನೆ. ಆ ಹುಡುಗನ ಬಳಿಗೆ ಕ್ಷಮೆ ಕೇಳಲು ಮಾತ್ರ ಎರಡನೆಯ ದಿನವೇ ಹೋದೆ.

ಅಣ್ಣನೊಂದಿಗೆ ಎಲ್ಲವೂ ಮೊದಲಿನಂತೆ ಆಗಿಬಿಟ್ಟಿದೆ ಎಂದು ಸಾಕ್ಷಿ ಹೇಳಲಾರೆ. ಅವನು ಇನ್ನೂ ನಮ್ಮ ಮನೆಗೆ ಬಂದಿಲ್ಲ. ‘ನಿನ್ನ ಮಾತಿನ ಮೇಲೆ ಬಲೆಗಳನ್ನು ಹಾಕುತ್ತೇನೆ’ ಎಂದು ಯೇಸುವಿಗೆ ಹೇಳಿದಾಗ ಬೆಸ್ತನಾಗಿದ್ದ ಪೇತ್ರನಿಗೆ ಮೀನು ಸಿಗುವ ಖಾತ್ರಿ ಇರಲಿಲ್ಲ. ರಾತ್ರಿಯೆಲ್ಲ ಬರಿಗೈಯಲ್ಲಿ ದುಡಿದು, ಬಲೆ ತೊಳೆದಿಟ್ಟ ಮೇಲೆ ಆಡಿದ ಮಾತದು. ನಾನು ಹೋಗಿದ್ದೂ ಫಲದ ಖಾತ್ರಿಯಿಂದಲ್ಲ. ಹೋದ ತಿಂಗಳು ಅಪ್ಪನನ್ನು ಡಾಕ್ಟರಿಗೆ ತೋರಿಸುವ ದಿನ ಅಣ್ಣನೇ ಫೋನ್ ಮಾಡಿದ. ‘ನೀನು ಕರೆದುಕೊಂಡು ಹೋಗು, ಖರ್ಚು ಬರೆದಿಡು’ ಎಂದ. ಬರೆದಿಟ್ಟೆ. ಸಂಜೆ ಬಿಲ್ಲುಗಳ ಫೋಟೊ ಕಳಿಸಿದ್ದಕ್ಕೆ ‘ಸರಿ’ ಎಂದಷ್ಟೇ ಉತ್ತರ ಬಂತು. ಆ ಒಂದು ಪದವನ್ನು ನಾನೂ ನನ್ನ ಹೆಂಡತಿಯೂ ಎಷ್ಟು ಸಲ ಓದಿದೆವೋ.