ಸರೋವರದ ತಳದಲ್ಲಿ ಹಳೆಯ ಅದಿರು ಕಾರ್ಖಾನೆಯ ಗುರುತು ಹುಡುಕುವ ಬಗೆ

ಕಬ್ಬಿಣದ ಅದಿರಿನ ಸಂಸ್ಕರಣೆ ನಿಂತು ದಶಕಗಳು ಕಳೆದ ಸರೋವರವನ್ನು ಪರೀಕ್ಷಿಸುವಾಗ ಕಬ್ಬಿಣದ ಪ್ರಮಾಣವೊಂದನ್ನೇ ನಂಬಬಾರದು. ಕಾರ್ಖಾನೆಯು ಕಬ್ಬಿಣವನ್ನು ತೆಗೆದುಕೊಂಡು ಉಳಿದದ್ದನ್ನು ನೀರಿಗೆ ಬಿಟ್ಟಿರುತ್ತದೆ. ನಾವು ಹುಡುಕಬೇಕಾದದ್ದು ಆ ಉಳಿಕೆಯನ್ನು.

ಅಮೆರಿಕದ ಸುಪೀರಿಯರ್ ಸರೋವರ ಇದಕ್ಕೆ ಸ್ಪಷ್ಟ ನಿದರ್ಶನ. ಮಿನ್ನೆಸೋಟದ ಸಿಲ್ವರ್ ಬೇಯಲ್ಲಿ ರಿಸರ್ವ್ ಮೈನಿಂಗ್ ಕಂಪನಿಯು 1950ರ ದಶಕದ ಮಧ್ಯದಿಂದ 1980ರವರೆಗೆ ಟ್ಯಾಕೊನೈಟ್ ಎಂಬ ಕಡಿಮೆ ಕಬ್ಬಿಣಾಂಶದ ಶಿಲೆಯನ್ನು ನುಣ್ಣಗೆ ಅರೆದು, ಅಯಸ್ಕಾಂತದಿಂದ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜವನ್ನು ಬೇರ್ಪಡಿಸಿ, ದಿನಕ್ಕೆ ಸುಮಾರು 67,000 ಟನ್ ಹೂಳನ್ನು ಸರೋವರಕ್ಕೆ ಸುರಿಯಿತು. ಹೂಳು ಆಳದ ಕಂದರಕ್ಕೆ ಇಳಿದು ಅಲ್ಲಿಯೇ ನಿಲ್ಲುತ್ತದೆಂಬ ಭರವಸೆಯ ಮೇಲೆ 1947ರಲ್ಲಿ ಅನುಮತಿ ದೊರೆತಿತ್ತು. ಸೂಕ್ಷ್ಮ ಕಣಗಳು ಹಾಗೆ ನಿಲ್ಲಲಿಲ್ಲ. 1973ರಲ್ಲಿ ದೂರದ ಡುಲೂತ್ ನಗರದ ಕುಡಿಯುವ ನೀರಿನಲ್ಲಿ ಕ್ಯಾನ್ಸರ್‌ಕಾರಕವಾದ ಕಲ್ನಾರನ್ನು (ಆಸ್ಬೆಸ್ಟಾಸ್) ಹೋಲುವ ಎಳೆಗಳಿರುವುದು ಪ್ರಕಟವಾಯಿತು. ಸರೋವರದ ನೀರನ್ನು ಶೋಧಿಸದೆಯೇ ಕುಡಿಯುತ್ತಿದ್ದ ಊರಿಗೆ ಅದೆಂಥ ಆಘಾತವಾಗಿರಬೇಕು!

ಆದ್ದರಿಂದ ಮೊದಲು ಗಣಿಯ ಶಿಲೆಯನ್ನೇ ಪರೀಕ್ಷಿಸಿ, ಸುತ್ತಲಿನ ಮಣ್ಣಿನಲ್ಲಿ ಅಪರೂಪವಾದ ಖನಿಜವೊಂದನ್ನು ಗುರುತಾಗಿ ಆರಿಸಿಕೊಳ್ಳಿ. ಸಿಲ್ವರ್ ಬೇಯ ಹೂಳಿಗೆ ಕಮಿಂಗ್ಟೊನೈಟ್-ಗ್ರುನೆರೈಟ್ ಎಂಬ, ಎಳೆಯಾಕಾರದಲ್ಲೂ ಸಿಗುವ ಖನಿಜ ಅಂಥ ಗುರುತಾಯಿತು. ಸರೋವರದ ಪಶ್ಚಿಮ ಭಾಗದಲ್ಲಿ ದಡದ ಕೆಂಪು ಜೇಡಿಮಣ್ಣು ಕೊಚ್ಚಿ ಬಂದು ನೀರನ್ನು ಕಲಕುವುದರಿಂದ ಅಲ್ಲಿ ಬಣ್ಣವನ್ನಾಗಲಿ ಕಬ್ಬಿಣದ ಅಂಶವನ್ನಾಗಲಿ ಪುರಾವೆಯೆನ್ನಲಾಗದು.

ಬಳಿಕ ತಳದ ಕೆಸರಿಗೆ ಕೊಳವೆಯನ್ನು ನೆಟ್ಟಗೆ ಇಳಿಸಿ, ಪದರಗಳು ಕದಡದಂತೆ ಮೇಲೆತ್ತಬೇಕು. ಕಾರ್ಖಾನೆಯ ಕೊಳವೆಬಾಯಿಯ ಹತ್ತಿರ, ಪ್ರವಾಹ ಸಾಗುವ ದಿಕ್ಕಿನಲ್ಲಿ, ಹೂಳು ತಲುಪದ ದೂರದ ಕೊಲ್ಲಿಯಲ್ಲಿ, ಹೀಗೆ ಕನಿಷ್ಠ ಮೂರು ಕಡೆ ಮಾದರಿ ಬೇಕು. ಸುಪೀರಿಯರ್‌ನಂಥ ಸರೋವರದಲ್ಲಿ ಸಹಜ ಕೆಸರು ಬಹಳ ನಿಧಾನವಾಗಿ ಕೂಡುವುದರಿಂದ ಒಂದು ಸೆಂಟಿಮೀಟರ್ ದಪ್ಪದ ಹೋಳಿನಲ್ಲಿಯೇ ಹಲವು ವರ್ಷಗಳು ಬೆರೆತಿರಬಹುದು. ಆದಷ್ಟು ತೆಳುವಾಗಿ ಕತ್ತರಿಸಿ. ಕಾಲಕ್ರಮದಲ್ಲಿ ಕ್ಷೀಣಿಸುವ ವಿಕಿರಣಶೀಲ ಸೀಸ-210ರಿಂದ ಪದರದ ವಯಸ್ಸನ್ನು ಲೆಕ್ಕಹಾಕಿ, ಅಣ್ವಸ್ತ್ರ ಪರೀಕ್ಷೆಗಳ ದೂಳು 1963ರ ಸುಮಾರಿಗೆ ಬಿಟ್ಟ ವಿಕಿರಣಶೀಲ ಸೀಸಿಯಂ-137ರ ಅತಿ ಹೆಚ್ಚಿನ ಪ್ರಮಾಣದ ಪದರದೊಂದಿಗೆ ತಾಳೆ ನೋಡಿ. ಕಾರ್ಖಾನೆಗಿಂತ ಹಿಂದಿನ ಪದರದಲ್ಲಿ ಗುರುತಿನ ಖನಿಜ ಎಷ್ಟಿತ್ತೆಂಬುದೇ ಇಡೀ ವಾದದ ಬುನಾದಿ. ಅದನ್ನು ಅಳೆಯದೆ ಯಾರ ಮೇಲೂ ಹೊಣೆ ಹೊರಿಸಬೇಡಿ.

ಎಳೆಗಳಿರುವ ಕೆಸರನ್ನು ತೆರೆದ ಕೋಣೆಯಲ್ಲಿ ಒಣಗಿಸಿ ಪುಡಿಮಾಡುವುದು ಅಪಾಯಕರ; ಪ್ರಯೋಗಾಲಯ ತಲುಪುವವರೆಗೆ ಒದ್ದೆಯಾಗಿಯೇ ಇರಿಸಿ. ಹರಳುಗಳಿಂದ ಎಕ್ಸ್-ರೇ ಚದುರುವ ಬಗೆಯನ್ನು ಅಳೆಯುವ ಎಕ್ಸ್-ರೇ ಡಿಫ್ರಾಕ್ಷನ್ ಖನಿಜವನ್ನು ತೋರಿಸಬಲ್ಲದು, ಆದರೆ ಸೂಕ್ಷ್ಮ ಎಳೆಗಳನ್ನು ಎಣಿಸಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು.

2005ರ ಕೊನೆಯಲ್ಲಿ ಗಣಿಗಾರಿಕೆ ನಿಂತ ನಮ್ಮ ಕುದುರೆಮುಖದಲ್ಲಿ ಹೂಳು ಲಕ್ಯಾ ಅಣೆಕಟ್ಟಿನ ಹಿಂದೆ ನಿಂತಿದೆ. ಅಲ್ಲಿಂದ ಕೆಳಗಿನ ಭದ್ರಾ ನದಿಯ ಪಾತ್ರಕ್ಕೆ ಇದೇ ಕ್ರಮ ಅನ್ವಯಿಸಬಹುದು, ಆದರೆ ಗುರುತಿನ ಖನಿಜವನ್ನು ಕುದುರೆಮುಖದ ಶಿಲೆಯಿಂದಲೇ ಹೊಸದಾಗಿ ಆರಿಸಬೇಕು.