ಸರ್‌ನೇಮು ಜಪಾನ್, ಊರು ಸ್ಪೇನ್: ಒಂದು ಹುಡುಕಾಟದ ಅನುಭವ

ಇದು ಶುರುವಾದದ್ದು ನನ್ನದೇ ಒಂದು ಎಡವಟ್ಟಿನಿಂದ. ಸ್ಪ್ಯಾನಿಷ್ ಕಾಗದಪತ್ರಗಳನ್ನು ಇಂಗ್ಲಿಷಿಗೆ ಅನುವಾದ ಮಾಡಿಕೊಡುವುದು ನನ್ನ ಕಸುಬು. ಬೆಂಗಳೂರಿನ ಹುಡುಗಿಯೊಬ್ಬಳು ಮದುವೆ ರಿಜಿಸ್ಟ್ರೇಷನ್‌ಗೆಂದು ತಾನು ಮದುವೆಯಾಗಲಿರುವ ಸ್ಪೇನಿನ ಹುಡುಗನ ಜನನ ಪ್ರಮಾಣಪತ್ರ ಕಳಿಸಿದ್ದಳು. ಸ್ಕ್ಯಾನ್ ಮಸುಕು ಮಸುಕು. ಹೆಸರಿನ ಸಾಲಿನ ಕೊನೆಯಲ್ಲಿ ‘ಹಪೋನ್’ ಅಂತಿತ್ತು. ಸ್ಪ್ಯಾನಿಷ್‌ನಲ್ಲಿ ಜಪಾನ್ ದೇಶಕ್ಕೆ ಹಾಗೇ ಹೇಳುವುದು. ಹುಟ್ಟಿದ ದೇಶ ಇರಬೇಕೆಂದುಕೊಂಡು ಆ ಕಾಲಮ್ಮಿಗೆ ಜಪಾನ್ ಎಂದು ತುಂಬಿ ಕಳಿಸಿಬಿಟ್ಟೆ. ಸಂಜೆ ಫೋನ್ ಬಂತು. “ಮೇಡಂ, ಅವ್ರು ಹುಟ್ಟಿದ್ದು ಸೆವಿಲ್ಯಾ ಹತ್ರ. ಜಪಾನ್ ಅನ್ನೋದು ಅವ್ರ ಸರ್‌ನೇಮು.”

ತಪ್ಪು ತಿದ್ದಿಕೊಟ್ಟೆ, ದುಡ್ಡು ತಗೊಳ್ಳಲಿಲ್ಲ. ಆದರೆ ತಲೆಗೆ ಹುಳ ಹೊಕ್ಕಾಗಿತ್ತು.

ಸ್ಪೇನಿನ ಯಾವುದೇ ಸರ್‌ನೇಮಿನ ಬೆನ್ನು ಹತ್ತುವವರು ಮೊದಲು ತಟ್ಟಬೇಕಾದ ಬಾಗಿಲು ಅಲ್ಲಿನ ರಾಷ್ಟ್ರೀಯ ಅಂಕಿಅಂಶ ಸಂಸ್ಥೆಯ ವೆಬ್‌ಸೈಟ್. ಹೆಸರು ಟೈಪ್ ಮಾಡಿದರೆ ಅದು ಎಷ್ಟು ಜನಕ್ಕೆ ಮೊದಲ ಸರ್‌ನೇಮು, ಎಷ್ಟು ಜನಕ್ಕೆ ಎರಡನೆಯದು, ಎರಡೂ ಅದೇ ಆಗಿರುವವರು ಎಷ್ಟು ಎಂದು ಬೇರೆ ಬೇರೆಯಾಗಿ ತೋರಿಸುತ್ತದೆ. ಇಡೀ ದೇಶದಲ್ಲಿ 20 ಮಂದಿಯೂ ಇಲ್ಲದ ಹೆಸರನ್ನು ಗುಟ್ಟು ಕಾಪಾಡಲೆಂದು ತೋರಿಸುವುದಿಲ್ಲ. ಅಲ್ಲಿ ಎಲ್ಲರಿಗೂ ಎರಡೆರಡು ಸರ್‌ನೇಮು: ಅಪ್ಪನದರಲ್ಲಿ ಮೊದಲನೆಯದು, ಅಮ್ಮನದರಲ್ಲಿ ಮೊದಲನೆಯದು. ಮದುವೆಯಾದ ಹೆಂಗಸರು ಹೆಸರು ಬದಲಿಸಿಕೊಳ್ಳುವುದಿಲ್ಲ. ಗಾರ್ಸಿಯಾ ಎಂದು ಹುಡುಕಿ ನೋಡಿ, ಮೊದಲ ಸರ್‌ನೇಮಾಗಿಯೇ 14 ಲಕ್ಷಕ್ಕೂ ಹೆಚ್ಚು ಜನ. ಹಪೋನ್‌ನದು ಸಾವಿರಗಳ ಲೆಕ್ಕವೂ ಅಲ್ಲ, ನೂರುಗಳದು. ಅದೂ ನಕ್ಷೆಯಲ್ಲಿ ನೋಡಿದರೆ ಬಣ್ಣ ಗಾಢವಾಗಿರುವುದು ಸೆವಿಲ್ಯಾ ಪ್ರಾಂತ್ಯದಲ್ಲಿ. ಅದರೊಳಗೂ ಗ್ವಾದಲ್‌ಕಿವಿರ್ ನದಿ ದಂಡೆಯ ಕೊರಿಯಾ ದೆಲ್ ರಿಯೋ ಎಂಬ ಒಂದೇ ಊರಲ್ಲಿ ಆರೇಳುನೂರು ಜನ. (ಹೌದು, ಊರಿನ ಹೆಸರು ಕೊರಿಯಾ. ನಕ್ಕು ಮುಗಿಸಿ ಮುಂದೆ ಓದಿ.)

ಹೆಸರು ಒಂದೇ ಊರಲ್ಲಿ ಹೀಗೆ ಗುಡ್ಡೆಯಾಗಿದ್ದರೆ ಎಲ್ಲೋ ಒಂದು ಬೇರು ಇರಲೇಬೇಕು. ಇಲ್ಲಿ ಅದು ಸಿಕ್ಕುವುದು 1613ರಲ್ಲಿ. ಜಪಾನಿನ ಸೆಂಡಾಯ್‌ನ ದೊರೆ ದಾತೆ ಮಸಮುನೆ ತನ್ನ ಸಮುರಾಯ್ ಹಸೆಕುರ ತ್ಸುನೆನಾಗನನ್ನು ರಾಯಭಾರಿಯಾಗಿ ಯುರೋಪಿಗೆ ಕಳಿಸಿದ. ಜೊತೆಗೆ ಸೆವಿಲ್ಯಾದವನೇ ಆದ ಫ್ರಾನ್ಸಿಸ್ಕನ್ ಪಾದ್ರಿ ಲೂಯಿಸ್ ಸೊತೆಲೊ. ಶಾಂತಸಾಗರ ದಾಟಿ, ಮೆಕ್ಸಿಕೋ ಹಾದು, ಅಟ್ಲಾಂಟಿಕ್ ದಾಟಿ, 1614ರ ಅಕ್ಟೋಬರ್ ಹೊತ್ತಿಗೆ ಮೂವತ್ತರಷ್ಟು ಜಪಾನೀಯರು ಈ ನದಿಯಲ್ಲಿ ಮೇಲಕ್ಕೆ ಬಂದರು. ಸೆವಿಲ್ಯಾ ಪ್ರವೇಶಿಸುವ ಮುನ್ನ ಉಳಿದದ್ದು ಕೊರಿಯಾದಲ್ಲಿ. ಮ್ಯಾಡ್ರಿಡ್‌ನಲ್ಲಿ ರಾಜ ಮೂರನೇ ಫಿಲಿಪ್‌ನ ಎದುರು ಹಸೆಕುರನಿಗೆ ಕ್ರೈಸ್ತ ದೀಕ್ಷಾಸ್ನಾನವಾಯಿತು, ರೋಮಿನಲ್ಲಿ ಪೋಪ್ ಐದನೇ ಪಾಲ್‌ನ ದರ್ಶನವಾಯಿತು. ಕೇಳಿದ್ದ ವ್ಯಾಪಾರ ಒಪ್ಪಂದ ಮಾತ್ರ ಆಗಲಿಲ್ಲ, ಏಕೆಂದರೆ ಅಷ್ಟರಲ್ಲಿ ಜಪಾನಿನಲ್ಲಿ ಕ್ರೈಸ್ತಮತಕ್ಕೇ ನಿಷೇಧ ಬಿದ್ದಿತ್ತು. 1617ರಲ್ಲಿ ಹಸೆಕುರ ಬರಿಗೈಲಿ ಹೊರಟ. ಕೆಲವರು ಹೊರಡಲಿಲ್ಲ.

ಇದಿಷ್ಟು ಎಲ್ಲರೂ ಹೇಳುವ ಕಥೆ. ಮೂಲ ಕಾಗದಗಳಲ್ಲಿ ಹುಡುಕಲು ಕೂತೆ ನೋಡಿ, ಆಗ ಶುರುವಾಯಿತು ಪಾಡು. ಸ್ಪೇನಿನ ಸರ್ಕಾರಿ ಪತ್ರಾಗಾರಗಳಿಗೆಲ್ಲ ಸೇರಿ ‘ಪಾರೆಸ್’ ಎಂಬ ಪೋರ್ಟಲ್ ಇದೆ. ಸೆವಿಲ್ಯಾದಲ್ಲಿರುವ, ಸ್ಪೇನಿನ ಹಳೆಯ ವಸಾಹತುಗಳ ಕಾಗದಗಳ ಇಂಡೀಸ್ ಪತ್ರಾಗಾರದ ಎಷ್ಟೋ ಹಾಳೆಗಳ ಚಿತ್ರಗಳನ್ನು ಅಲ್ಲಿ ಪುಕ್ಕಟೆ ನೋಡಬಹುದು. ಹಸೆಕುರ ಎಂದು ಹಾಕಿದೆ, ಉಪಯೋಗವಾಗಲಿಲ್ಲ. ಎರಡು ದಿನ ಹೀಗೇ ಕಳೆಯಿತು. ಆಮೇಲೆ ಹೊಳೆದದ್ದು, ಆ ಕಾಲದ ಗುಮಾಸ್ತರು ಅವನನ್ನು ಬರೆಯುತ್ತಿದ್ದದ್ದು ‘ಫಾಶೆಕುರ’ ಎಂದು. ಆಗ ಜಪಾನೀಯರ ಬಾಯಲ್ಲಿ ಆ ಹಕಾರ ಇನ್ನೂ ತುಟಿ ಬಿಟ್ಟಿರಲಿಲ್ಲ, ಸ್ಪೇನಿನವರ ಕಿವಿಗೆ ಫಕಾರವಾಗಿ ಕೇಳಿಸುತ್ತಿತ್ತು. ಅದಕ್ಕೂ ಹಿಂದೆ ಅದು ಪಕಾರವೇ ಆಗಿತ್ತು. ಪಂಪನ ಪಾಲು ನಮಗೆ ಹಾಲಾಗಿ, ಪೂ ಹೂವಾಗಿ ಬಂದದ್ದು ಗೊತ್ತಿರುವ ಕನ್ನಡದವಳಾಗಿ ನನಗೆ ಇದು ಮೊದಲ ದಿನವೇ ಹೊಳೆಯಬೇಕಿತ್ತು.

ಸರ್‌ನೇಮಿನದೂ ಅದೇ ಗೋಳು. ಈಗ ಜೆ ಅಕ್ಷರದಿಂದ ಬರೆಯುವ ಹಪೋನ್ ಹಳೆಯ ಹಾಳೆಗಳಲ್ಲಿ ಎಕ್ಸ್ ಅಕ್ಷರದಿಂದಲೂ ಶುರುವಾಗುತ್ತದೆ. ಆ ಎಕ್ಸ್ ಹಿಂದೆ ‘ಶ’ ಆಗಿದ್ದು ಕ್ರಮೇಣ ಗಂಟಲಿಗೆ ಇಳಿದು ‘ಹ’ ಆಯಿತು. 1815ರಲ್ಲಿ ಅಲ್ಲಿನ ಭಾಷಾ ಅಕಾಡೆಮಿ ಅಂಥ ಎಕ್ಸ್‌ಗಳನ್ನೆಲ್ಲ ಜೆ ಮಾಡಿತು. ಆದ್ದರಿಂದ ಸ್ಪ್ಯಾನಿಷ್ ಸರ್‌ನೇಮು ಹುಡುಕುವವರಿಗೆ ನನ್ನ ಒಂದೇ ಕಿವಿಮಾತು: ಜೆ ಇದ್ದಲ್ಲಿ ಎಕ್ಸ್ ಹಾಕಿ, ಬಿ ಇದ್ದಲ್ಲಿ ವಿ ಹಾಕಿ, ಎಚ್ ತೆಗೆದು ಹಾಕಿ, ಆಮೇಲೆ ಸಿಗಲಿಲ್ಲ ಎನ್ನಿ.

ಸಿಕ್ಕವರಲ್ಲಿ ನನ್ನನ್ನು ಕಾಡಿದವನು ತೊಮಾಸ್ ಫೆಲಿಪೆ. ಹಸೆಕುರನ ಪರಿವಾರದವನು, ಹಿಂದೆ ಉಳಿದವನು. ಒಬ್ಬನ ಮನೆಯಲ್ಲಿ ಚಾಕರಿಗೆ ಸೇರಿದ. ಯಜಮಾನ ಸಂಬಳ ಕೊಡುವ ಬದಲು ಗುಲಾಮನೆಂದು ಮೈಮೇಲೆ ಬರೆ ಹಾಕಿಸಿದ. ತನ್ನನ್ನು ಬಿಡಿಸಿ ಊರಿಗೆ ಕಳಿಸಿಕೊಡಿ ಎಂದು ಅವನು 1622ರ ಸುಮಾರಿಗೆ ಅರ್ಜಿ ಕೊಡುತ್ತಾನೆ. ರಾಯಭಾರದ ಕಥೆ ಹೇಳುವವರು ಪೋಪ್‌ನ ದರ್ಶನದಲ್ಲೇ ನಿಂತುಬಿಡುತ್ತಾರೆ, ಇವನ ತನಕ ಬರುವವರು ಕಡಿಮೆ.

ಅರ್ಥದ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ‘ದೆ ಹಪೋನ್’ ಎಂದರೆ ಜಪಾನಿನವನು, ಅಷ್ಟೇ. ಕೆ.ವಿ. ಪುಟ್ಟಪ್ಪನವರ ಕೆ ಅಂದರೆ ಕುಪ್ಪಳಿ ಎಂದು ಗೊತ್ತಿರುವ ನಮಗೆ ಊರು ಹೆಸರಿಗೆ ಅಂಟುವುದು ಹೊಸದಲ್ಲ. ಬಾಯಿಗೆ ಬಾರದ ಜಪಾನೀ ಹೆಸರನ್ನು ಬಿಟ್ಟು ದೇಶವನ್ನೇ ಹೆಸರು ಮಾಡಿದ್ದು ಪಾದ್ರಿಗೂ ಗುಮಾಸ್ತನಿಗೂ ಸಲೀಸಾಗಿರಬೇಕು.

ಈಗ ಸಾಕ್ಷ್ಯಕ್ಕೆ ಬರೋಣ. ಕೊರಿಯಾದ ಚರ್ಚಿನ ದೀಕ್ಷಾಸ್ನಾನದ ಪುಸ್ತಕಗಳಲ್ಲಿ ಈ ಸರ್‌ನೇಮು ಕಾಣಿಸಿಕೊಳ್ಳುವುದು 17ನೇ ಶತಮಾನದ ಉತ್ತರಾರ್ಧದಲ್ಲಿ. 1617ಕ್ಕೂ ಅದಕ್ಕೂ ನಡುವೆ ಒಂದೆರಡು ತಲೆಮಾರು ಖಾಲಿ. ಆ ಖಾಲಿ ಜಾಗಕ್ಕೆ ಜನ ಏನೇನೋ ತುಂಬುತ್ತಾರೆ. ಅಲ್ಲಿನ ಕೆಲವು ಕೂಸುಗಳ ಬೆನ್ನಿನ ಕೆಳಗೆ ನೀಲಿ ಮಚ್ಚೆ ಇರುತ್ತದಂತೆ, ಅದು ಜಪಾನೀ ರಕ್ತದ ಗುರುತಂತೆ. ನನ್ನ ಇಬ್ಬರು ಮಕ್ಕಳಿಗೂ ಇತ್ತು ಆ ಮಚ್ಚೆ, ನಮ್ಮ ಕಡೆ ಬಹುಪಾಲು ಕೂಸುಗಳಿಗೆ ಇರುತ್ತದೆ. ನಾವೇನು ಸೆಂಡಾಯ್‌ನವರೇ? ಮಚ್ಚೆಗಿಂತ ನನಗೆ ಈ ಹೆಸರೇ ಗಟ್ಟಿ ಸಾಕ್ಷಿ. ಸಮುರಾಯ್‌ಗಳು ಉಳಿದುಕೊಂಡಿದ್ದ ಊರಲ್ಲೇ ಈ ಹೆಸರು ಗುಡ್ಡೆಯಾಗಲು ಬೇರೆ ಕಾರಣ ನನಗಂತೂ ತೋಚುವುದಿಲ್ಲ.

ಒಂದು ಸಲ ಕೆಲಸದ ಮೇಲೆ ಸೆವಿಲ್ಯಾಕ್ಕೆ ಹೋದಾಗ ಬಸ್ಸು ಹಿಡಿದು ಕೊರಿಯಾಕ್ಕೂ ಹೋದೆ. ನದಿ ದಂಡೆಯಲ್ಲಿ ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡ ಹಸೆಕುರನ ಪ್ರತಿಮೆ. ಈಗ ಚಕ್ರವರ್ತಿಯಾಗಿರುವ ನರುಹಿತೋ 2013ರಲ್ಲಿ ಯುವರಾಜನಾಗಿದ್ದಾಗ ಈ ಊರಿಗೆ ಬಂದು ಚೆರ್ರಿ ಗಿಡ ನೆಟ್ಟಿದ್ದ. ಕಾರುಗಳನ್ನು ಹೊತ್ತ ದೋಣಿ ಆಚೆ ದಡಕ್ಕೆ ಹೋಗಿ ಬರುತ್ತಿತ್ತು. ನದಿಯ ನೀರು ನಮ್ಮ ಮಳೆಗಾಲದ ತುಂಗೆಯ ಹಾಗೆ ಕೆಂಪು ಕೆಂಪು. ಹೋಟೆಲಿನಲ್ಲಿ ಕಾಫಿ ತಂದಿಟ್ಟವರನ್ನು ನಿಮ್ಮ ಸರ್‌ನೇಮೇನು ಎಂದು ಕೇಳಿದೆ. “ಗಾರ್ಸಿಯಾ” ಎಂದರು.

ಬೆಂಗಳೂರಿನ ಹುಡುಗಿಗೆ ಈಗ ಮಗುವಾಗಲಿದೆ. ಮೊನ್ನೆ ಮತ್ತೆ ಫೋನ್ ಮಾಡಿದ್ದಳು. ಹಪೋನ್ ಅವಳ ಗಂಡನಿಗೆ ಅಮ್ಮನ ಕಡೆಯಿಂದ ಬಂದ ಎರಡನೇ ಸರ್‌ನೇಮು, ಹಾಗಾಗಿ ಮಗುವಿಗೆ ದಾಟುವುದಿಲ್ಲ. ದಾಟಬೇಕೆಂದರೆ ಅವನು ತನ್ನ ಎರಡು ಸರ್‌ನೇಮುಗಳನ್ನು ಹಿಂದುಮುಂದು ಮಾಡಿಸಿಕೊಳ್ಳಬೇಕು. ವಯಸ್ಕರಿಗೆ ಅಲ್ಲಿನ ಕಾನೂನು ಅದಕ್ಕೆ ಅವಕಾಶ ಕೊಟ್ಟಿದೆ. ಅರ್ಜಿ ಹಾಕಿದ್ದಾನಂತೆ. ತೊಡಕಿರುವುದು ಮಗುವಿಗೆ ಅಮ್ಮನಿಂದ ಬರುವ ಎರಡನೇ ಸರ್‌ನೇಮಿನದು. ಅವಳ ಪಾಸ್‌ಪೋರ್ಟಿನಲ್ಲಿ ಸರ್‌ನೇಮಿನ ಜಾಗದಲ್ಲಿರುವುದು ಅವಳಪ್ಪನ ಹೆಸರು. “ಮಗುಗೆ ತಾತನ ಹೆಸ್ರೇ ಸರ್‌ನೇಮಾಗ್ಬಿಡುತ್ತಾ ಮೇಡಂ?” ಎಂದು ಕೇಳಿದಳು. ಆಗುತ್ತದೆ ಎಂದೆ. ಫೋನಿನ ಹಿಂದೆ ತಾತ ನಗುವುದು ಕೇಳಿಸಿತು.