ಆರ್‌ಎಕ್ಸ್ 135 ಡ್ರ್ಯಾಗ್ ಬೈಕ್ ಲೈನಿಂದ ನೇರ ಹೊರಡೋ ಹಾಗೆ ಮಾಡಿದ್ದು: ನನ್ನ ಅನುಭವ

ನೇರ ರೋಡಲ್ಲಿ ಯಾರು ಮುಂದೆ ಅಂತ ನೋಡೋ ಡ್ರ್ಯಾಗ್ ರೇಸಿಗೆ ಅಂತ ಮಾಡಿಟ್ಟ ನನ್ನ ಯಮಹಾ, ಎರಡು ವರ್ಷ ಎಡಕ್ಕೆ ಎಳೀತಿದ್ದ ಗಾಡಿ, ಈಗ ಲೈನಿಂದ, ಅಂದ್ರೆ ಶುರು ಗೆರೆಯಿಂದ, ದಾರ ಹಿಡಿದಂಗೆ ನೇರ ಹೋಗ್ತಿದೆ. "ಫ್ರೇಮ್ ಸೊಟ್ಟ ಇದೆ ಮಗಾ, ಗುಜರಿಗೆ ಹಾಕು" ಅಂದವ್ರೇ ಈಗ ಫೋನ್ ಮಾಡಿ ಏನ್ ಮಾಡ್ದೆ ಅಂತ ಕೇಳ್ತಿದ್ದಾರೆ, ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಯ್ತು, ಅದಕ್ಕೆ ಒಂದ್ಸಲ ಬರೆದುಬಿಡ್ತೀನಿ. ಪೋರ್ಟಿಂಗ್, ಚೇಂಬರ್, ಜೆಟ್ಟಿಂಗ್ ಅಂತ ಎಂಜಿನ್ ಪವರ್ ಹೆಚ್ಚಿಸೋ ಕೆಲಸ ಎಲ್ಲ ನಿಮಗೆ ಗೊತ್ತಿರೋದೇ, ಆ ಸುದ್ದಿಗೆ ಹೋಗಲ್ಲ.

ಗಾಡಿ 2001ರ ಮಾಡೆಲ್, ಐದು ಗೇರ್. ಹಿಂದೆ ಶಾಕ್ ತೆಗೆದು ರಾಡ್ ಹಾಕಿದೀನಿ, ಮುಂದೆ ಫೋರ್ಕ್ ಬೆಲ್ಟಲ್ಲಿ ಎಳೆದು ಕೆಳಗೆ ಕಟ್ಟಿದೀನಿ, ಹಿಂದಿನ ಚಕ್ರ ಹಿಡಿಯೋ ಸ್ವಿಂಗ್ ಆರ್ಮ್ ಮೊದಲಿಗಿಂತ 5 ಇಂಚು ಉದ್ದ ಮಾಡ್ಸಿದೀನಿ. ಕ್ಲಚ್ ಬಿಟ್ಟ ತಕ್ಷಣ ಬಾಲ ಬಲಕ್ಕೆ ಹೋಗಿ ಮೂತಿ ಎಡಕ್ಕೆ ತಿರುಗ್ತಿತ್ತು. ಮೈಸೂರಿನ ಹೊರಗಡೆ ಒಬ್ಬರು ಪರಿಚಯದವ್ರ ಲೇಔಟ್ ಇದೆ, ಆಗ ಒಂದು ಮನೇನೂ ಎದ್ದಿರ್ಲಿಲ್ಲ, ಅವ್ರನ್ನ ಕೇಳ್ಕೊಂಡು ಗೇಟ್ ಹಾಕಿಸಿ ಅಲ್ಲೇ ಟೆಸ್ಟ್ ಮಾಡ್ತಿದ್ದಿದ್ದು. ರೋಡ್ ಮೇಲೆ ಸುಣ್ಣದಲ್ಲಿ ಗೆರೆ ಎಳೆದು ನೋಡಿದ್ರೆ ಮೊದಲ ಅರವತ್ತು ಅಡಿಯಲ್ಲೇ ಮೂರಡಿ ಪಕ್ಕಕ್ಕೆ ಹೋಗಿರೋದು. ಅದನ್ನ ಹಿಡಿಯಕ್ಕೆ ಥ್ರಾಟಲ್ ಬಿಡ್ಬೇಕು, ಬಿಟ್ರೆ ಟೂ ಸ್ಟ್ರೋಕ್ ಎಂಜಿನ್ ಪವರ್ ಬ್ಯಾಂಡಿಂದ, ಅಂದ್ರೆ ಜೋರು ಸಿಗೋ ಆರ್‌ಪಿಎಮ್ಮಿಂದ, ಕೆಳಗೆ ಬಿತ್ತು, ರೇಸ್ ಮುಗೀತು.

ಎಲ್ರೂ ಹೇಳಿದ್ದು ಒಂದೇ, ನೀನು ಹ್ಯಾಂಡಲ್ ಎಳೀತಿದೀಯ, ನಿನ್ನ ಮೈ ಸರಿ ಇಲ್ಲ ಅಂತ. ಸರಿ ಅಂತ ನನ್ನ ಚಿಕ್ಕಪ್ಪನ ಮಗನ್ನ ಕೂರಿಸ್ದೆ, ಅವನು 52 ಕೆಜಿ, ನಾನು 70ರ ಮೇಲಿದೀನಿ, ಅವನು ಎಡಗೈ ಅಭ್ಯಾಸದವನು ಬೇರೆ. ಅವನಿಗೂ ಅಷ್ಟೇ ಎಡಕ್ಕೆ ಹೋಯ್ತು, ಹೆಚ್ಚುಕಮ್ಮಿ ಅದೇ ಮೂರಡಿ. ಅವತ್ತೇ ನನಗೆ ಖಾತ್ರಿ ಆಗಿದ್ದು ಇದು ರೈಡರ್ ವಿಷಯ ಅಲ್ಲ ಅಂತ.

ಆದ್ರೂ ಮಧ್ಯೆ ದುಡ್ಡು ಕಳ್ಕೊಂಡಿದ್ದು ಕಮ್ಮಿ ಏನಲ್ಲ. ಹ್ಯಾಂಡಲ್ ಅದುರದಂಗೆ ಹಿಡಿಯೋ ಸ್ಟೀರಿಂಗ್ ಡ್ಯಾಂಪರ್ ದೊಡ್ಡ ಬೈಕಿಂದು ಸೆಕೆಂಡ್ ಹ್ಯಾಂಡ್ ತಂದೆ, ಆರೂವರೆ ಸಾವಿರ. ಹ್ಯಾಂಡಲ್ ಗಟ್ಟಿ ಆಯ್ತು, ಗಾಡಿ ಮಾತ್ರ ಎಡಕ್ಕೆ ಹೋಗೋದು ಬಿಡ್ಲಿಲ್ಲ. ಆಮೇಲೆ ಹಿಂದಕ್ಕೆ ದಪ್ಪ ಟೈರ್ ಹಾಕ್ದೆ, ರಿಮ್ಮು ಸೇರಿ ಐದು ಸಾವಿರದ ಹತ್ರ ಆಯ್ತು, ಚೈನ್ ಉಜ್ತಿತ್ತು, ಮೇಲಾಗಿ ಆ ಟೈರ್ ತಿರುಗಿಸೋ ಶಕ್ತಿ ಆ ಎಂಜಿನ್ನಿಗೆ ಇಲ್ಲ, ಎಂಟೂವರೆ ಸಾವಿರ ಆರ್‌ಪಿಎಮ್ಮಲ್ಲಿ ಬಿಟ್ರೂ ಉಸಿರು ಕಟ್ಟಿದಂಗೆ ಆಗೋದು. ಮುಂದೆ 4 ಕೆಜಿ ಸೀಸ ಕಟ್ಟಿದ್ದೂ ಆಯ್ತು, ವೀಲಿ, ಅಂದ್ರೆ ಮುಂದಿನ ಚಕ್ರ ಏಳೋದು, ಕಮ್ಮಿ ಆಯ್ತು ಅಷ್ಟೇ. ಗಟ್ಟಿ ಕ್ಲಚ್ ಸ್ಪ್ರಿಂಗ್ ಹಾಕಿದ್ದಕ್ಕೆ ಮೂರನೇ ಲಾಂಚಲ್ಲೇ, ಅಂದ್ರೆ ಮೂರನೇ ಸಲ ಲೈನಿಂದ ಹೊರಟಾಗ್ಲೇ, ಕೇಬಲ್ ಕಿತ್ಕೊಂಡು ಬಂತು. ಎಲ್ಲ ಸೇರಿ 23 ಸಾವಿರ ಹೋಗಿರ್ಬೇಕು, ಮನೇಲಿ ಹೇಳಿದ್ದು ಎಂಟು ಸಾವಿರ.

ದಾರಿ ಸಿಕ್ಕಿದ್ದು ಒಂದು ಲೇತ್ ಅಂಗಡೀಲಿ. ಅಲ್ಲಿನ ಯಜಮಾನ್ರು ಮೈಸೂರಿನ ಯಾದವಗಿರಿಯಲ್ಲಿ ಜಾವಾ, ಯೆಜ್ಡಿ ಬೈಕ್ ಮಾಡ್ತಿದ್ದ ಐಡಿಯಲ್ ಜಾವಾ ಫ್ಯಾಕ್ಟ್ರೀಲಿ ಕೆಲಸ ಮಾಡಿದವ್ರು, 1996ರಲ್ಲಿ ಅದು ಮುಚ್ಚಿದ ಮೇಲೆ ಸ್ವಂತ ಲೇತ್ ಹಾಕ್ಕೊಂಡವ್ರು. ಗಾಡಿ ನೋಡಿ ಅವ್ರು ಒಂದೇ ಪ್ರಶ್ನೆ ಕೇಳಿದ್ರು, "ಚೈನ್ ಯಾವ ಕಡೆ ಇದೆಯಪ್ಪಾ?" ಎಡಕ್ಕೆ ಸಾರ್ ಅಂದೆ. "ಹಂಗಾದ್ರೆ ಎಳೆದಾಗ ಹಿಂದಿನ ಚಕ್ರದ ಆಕ್ಸಲ್ಲಿನ ಯಾವ ತುದಿ ಮುಂದಕ್ಕೆ ಬರುತ್ತೆ?" ಅಂದ್ರು. ಅಷ್ಟೇ, ತಲೆ ಒಳಗೆ ಲೈಟ್ ಹತ್ತಿದಂಗಾಯ್ತು. ಚೈನ್ ಎಡ ತುದೀನ ಮುಂದಕ್ಕೆ ಎಳೆಯುತ್ತೆ, ಸ್ವಿಂಗ್ ಆರ್ಮ್ ಬೋಲ್ಟ್ ಕೂರೋ ಬುಷ್ ಸವೆದಿದ್ರೆ, ಆರ್ಮ್ ಬಳುಕ್ತಿದ್ರೆ ಆ ಚಕ್ರದ ಮೂತಿ ಬಲಕ್ಕೆ ತಿರುಗುತ್ತೆ, ಬಾಲ ಬಲಕ್ಕೆ ಓಡುತ್ತೆ, ಗಾಡಿ ಎಡಕ್ಕೆ. ನಿಂತಾಗ ಎಷ್ಟು ಅಳೆದ್ರೂ ಇದು ಕಾಣಲ್ಲ.

ಚೆಕ್ ಮಾಡಿದ್ದು ಹೀಗೆ. ಗಾಡಿ ಸ್ಟ್ಯಾಂಡಿಗೆ ಹಾಕಿ, ಮುಂದೆ ಕಂಬಕ್ಕೆ ಕಟ್ಟಿ, ಗೇರಲ್ಲಿಟ್ಟು, ಹಿಂದಿನ ಚಕ್ರಕ್ಕೆ ಉದ್ದನೆ ಪೈಪ್ ಸಿಗಿಸಿ ಇಬ್ಬರು ಹಿಂದಕ್ಕೆ ಅದುಮಿದ್ವಿ, ಚೈನ್ ತಂತಿ ಥರ ಬಿಗೀತು, ಆಗ ಎರಡೂ ಕಡೆ ದಾರ ಹಿಡಿದು ನೋಡಿದ್ರೆ ಮುಂದಿನ ಟೈರ್ ಹತ್ರ ಬೆರಳು ದಪ್ಪ ವ್ಯತ್ಯಾಸ! ಮೈ ಜುಮ್ ಅಂತು ನಂಗೆ. ಚೈನ್ ಬಿಗಿ ಮಾಡೋ ಅಡ್ಜಸ್ಟರ್ ಮೇಲಿನ ಗೆರೆ ನಂಬ್ಲೇಬೇಡಿ. ಒಂದು ಕಂಬಿಯ ಎರಡು ತುದಿಗೆ ಮೊಳೆ ವೆಲ್ಡ್ ಮಾಡ್ಸಿ, ಆರ್ಮ್ ಬೋಲ್ಟ್ ಸೆಂಟರಿಂದ ಆಕ್ಸಲ್ ಸೆಂಟರಿಗೆ ಎರಡೂ ಕಡೆ ಅಳೀರಿ. ನಂದ್ರಲ್ಲಿ ಗೆರೆ ಸರಿಯಾಗಿದ್ರೂ ಎರಡೂವರೆ ಎಂಎಂ ಓರೆ ಇತ್ತು.

ಸ್ವಿಂಗ್ ಆರ್ಮ್ ಮೊದಲು ಉದ್ದ ಮಾಡ್ಸಿದ್ದೇ ತಪ್ಪು ವಿಧಾನದಲ್ಲಿ. ಒಂದು ಕಡೆ ಪೂರ್ತಿ ವೆಲ್ಡ್ ಮುಗಿಸಿ ಆಮೇಲೆ ಇನ್ನೊಂದು ಕಡೆ ಮಾಡಿದ್ರು, ಬಿಸಿಗೆ ಎಳ್ಕೊಂಡು ಸೊಟ್ಟ ಆಗಿತ್ತು. ಈ ಸಲ ದಪ್ಪ ಐ ಬೀಮ್ ತುಂಡಿಗೆ ಎರಡು ಶಾಫ್ಟ್ ಕೂರಿಸಿ, ಆರ್ಮ್ ಅಲುಗದಂಗೆ ಹಿಡಿಯೋ ಜಿಗ್ ಮಾಡ್ಕೊಂಡೆ, ಆರ್ಮ್ ಅದಕ್ಕೆ ಬಿಗಿದು ವೆಲ್ಡರ್ ಭಾಯ್ ಹತ್ರ ಅಲ್ಲೊಂದು ಇಲ್ಲೊಂದು ಟ್ಯಾಕ್, ಅಂದ್ರೆ ಚಿಕ್ಕ ವೆಲ್ಡ್ ಚುಕ್ಕೆ, ಹಾಕ್ಸಿ, ಆರಿಸಿ, ಮತ್ತೆ ಹಾಕ್ಸಿ, ಒಂದು ಸಂಜೆ ಪೂರ್ತಿ ಹಿಡೀತು. ಆರ್ಮಿನ ಎಡಗಡೆ ಕಾಲಿಗೆ ಮಾತ್ರ ಕೆಳಗಡೆ ಬಾಕ್ಸ್ ಸಪೋರ್ಟ್ ಕೊಟ್ಟೆ, ಎಳೆತ ಇರೋದು ಅಲ್ಲೇ ಅಲ್ವಾ, ಎರಡೂ ಕಡೆ ಕೊಟ್ರೆ ಬರೀ ತೂಕ. ಬುಷ್‌ಗಳನ್ನ ಗನ್‌ಮೆಟಲ್ಲಲ್ಲಿ ಯಜಮಾನ್ರೇ ತಿರುವಿ ಕೊಟ್ರು, 450 ರೂಪಾಯಿ ಅನ್ಸುತ್ತೆ. ಹೇಳೋದು ಮರೆತೆ, 5 ಇಂಚು ಉದ್ದ ಮಾಡಿದ್ರೆ 428 ಸೈಜ್ ಚೈನಲ್ಲಿ 20 ಲಿಂಕ್ ಜಾಸ್ತಿ ಬೇಕು, ಎರಡು ಚೈನ್ ಲಾಕ್ ಹಾಕಿ ಜೋಡಿಸ್ಬೇಡಿ, ಒಂದೇ ಲಾಕ್ ಬರೋ ಹಾಗೆ ರಿವಿಟ್ ಮಾಡ್ಸಿ. ಇಷ್ಟಕ್ಕೂ ಸೇರಿ ನಾಲ್ಕು ಸಾವಿರ ದಾಟಿಲ್ಲ.

ಇದಾದ್ಮೇಲೂ ಒಂದಡಿ ಎಡಕ್ಕೆ ಹೋಗ್ತಿತ್ತು. ಎಷ್ಟೇ ಗಟ್ಟಿ ಮಾಡಿದ್ರೂ ಲೋಡಲ್ಲಿ ಸ್ವಲ್ಪ ಬಳುಕೇ ಬಳುಕುತ್ತೆ. ಆಗ ನಾನು ನಿಂತಾಗಲೇ ಚಕ್ರಾನ ಉಲ್ಟಾ ದಿಕ್ಕಿಗೆ ಒಂಚೂರು ಓರೆ ಇಟ್ಟೆ, ಎಳೆತ ಬಿದ್ದಾಗ ನೇರಕ್ಕೆ ಬರಲಿ ಅಂತ. ಎಷ್ಟು ಅಂತ ಮಾತ್ರ ಕೇಳ್ಬೇಡಿ, ಅದಕ್ಕೆ ನಲವತ್ತಕ್ಕೂ ಹೆಚ್ಚು ಲಾಂಚ್ ಖರ್ಚಾಗಿದೆ, ನಿಮ್ಮ ಆರ್ಮಿಗೆ ಅದು ಹೊಂದೋದೂ ಇಲ್ಲ. ಕ್ಲಚ್ ಸ್ಟೀಲ್ ಪ್ಲೇಟಿಗೆ ಏನು ಮಾಡಿದೀನಿ ಅನ್ನೋದೂ ನನ್ನ ಹತ್ರಾನೇ ಇರಲಿ. ಟೈರ್ ಗಾಳಿ ಬೇಕಾದ್ರೆ ಹೇಳ್ತೀನಿ, 16 ಪಿಎಸ್‌ಐ ಸುಮಾರು, 12ಕ್ಕೆ ಇಳಿಸಿದ್ರೆ ರಿಮ್ಮಲ್ಲಿ ಟೈರ್ ಜಾರಿ ಟ್ಯೂಬಿನ ಮೂತಿ ಹರೀತು, ಎರಡು ಟ್ಯೂಬ್ ಹೋಯ್ತು.

ಶ್ರೀಪೆರಂಬದೂರ್ ಹತ್ರ ಇರುಂಗಾಟ್ಟುಕೋಟೆ ಟ್ರ್ಯಾಕಿಗೆ ತಗೊಂಡು ಹೋದಾಗ ಮೊದಲ ಅರವತ್ತು ಅಡಿ ದಾಟೋ ಟೈಮು ಮುಂಚಿನ 2.3 ಸೆಕೆಂಡಿಂದ 2.0ರ ಆಸುಪಾಸಿಗೆ ಬಂತು, ಎಂಜಿನ್ ಪವರ್ ಹೆಚ್ಚಿಸಕ್ಕೆ ಒಂದು ಸ್ಪ್ಯಾನರೂ ಮುಟ್ಟಿಸದೆ. ನಮ್ಮ ಬೆಂಗಳೂರಿನ ಹೇಮಂತ್ ಮುದ್ದಪ್ಪ ಅಂಥೋರು ಸೂಪರ್‌ಬೈಕಲ್ಲಿ ನ್ಯಾಷನಲ್ ಟೈಟಲ್ ಮೇಲೆ ಟೈಟಲ್ ಹೊಡೆದಿರೋ ಆಟ ಇದು, ಅದರ ಮುಂದೆ ನಮ್ಮ ಪುಟ್ಟ ಟೂ ಸ್ಟ್ರೋಕ್ ಕ್ಲಾಸ್ ಚಿಕ್ಕದೇ, ಆದ್ರೂ ಪಕ್ಕದ ಲೇನಿನವನು ಹೆಲ್ಮೆಟ್ ತೆಗೆದು ಬಂದು ನನ್ನ ಆರ್ಮ್ ಕೆಳಗೆ ಬಗ್ಗಿ ನೋಡಿದ್ದು ನಂಗೆ ಕಪ್ ಸಿಕ್ಕಿದಷ್ಟೇ ಖುಷಿ. ಈಗ ಹಳೇ ಯೆಜ್ಡಿ ರೋಡ್‌ಕಿಂಗ್ ಒಂದು ಶೆಡ್ಡಿಗೆ ಬಂದಿದೆ, ಯಜಮಾನ್ರಿಗೆ ಅವ್ರ ಫ್ಯಾಕ್ಟ್ರಿ ಗಾಡಿ ಲೈನಲ್ಲಿ ನಿಲ್ಲೋದು ನೋಡ್ಬೇಕಂತೆ. ಅದರ ಸ್ವಿಂಗ್ ಆರ್ಮ್ ನಿನ್ನೆ ಬಿಚ್ಚಿದೀನಿ, ಬುಷ್ ಪೂರ್ತಿ ಹೋಗಿದೆ.